ಕಾಲುವೆ ಬಂದ ಮೇಲಿನ ಎರೆಭೂಮಿ

ತಕ್ಕಡಿಯ ಮುಳ್ಳು ನಡುವೆ ನಿಂತಾಗಲೂ ಎರಡು ತಟ್ಟೆಗಳಲ್ಲಿ ಭಾರವಿದ್ದೇ ಇರುತ್ತದೆ. ಪ್ರಕೃತಿಯ ಸಮತೋಲನವೂ ಅಂತಹುದೇ. ಬರುವುದೂ ಹೋಗುವುದೂ ಸರಿದೂಗಿದಾಗ ಅದು ಸ್ಥಿರವಾಗಿ ಕಾಣುತ್ತದೆ. ಉತ್ಪಾದ, ವ್ಯಯ, ಧ್ರೌವ್ಯಗಳೆಂದು ಜೈನದರ್ಶನವು ವಿವೇಚಿಸುವ ಈ ತತ್ತ್ವಕ್ಕೆ ಸಿಂಧನೂರು ತಾಲ್ಲೂಕಿನ ತುರ್ವಿಹಾಳ ಸೀಮೆಯ ಮಣ್ಣೇ ನಿದರ್ಶನವಾಗಿದೆ.

ಕೃಷ್ಣಾ–ತುಂಗಭದ್ರೆಯರ ನಡುವಿನ ಈ ಪ್ರದೇಶ ಅಲ್ಪವೃಷ್ಟಿಯದು. ಮಳೆಗಾಲದ ತೇವವನ್ನು ಹಿಡಿದಿಟ್ಟುಕೊಂಡ ಎರೆಮಣ್ಣು ಹಿಂಗಾರಿನಲ್ಲಿ ಬಿಳಿಜೋಳವನ್ನು ಬೆಳೆಸುತ್ತಿತ್ತು. ಬೇಸಿಗೆಯಲ್ಲಿ ಬಿರಿದ ನೆಲದ ಬಿರುಕುಗಳಿಗೆ ಮೇಲ್ಮಣ್ಣು ಉದುರುತ್ತಿತ್ತು. ಮಳೆ ಬಿದ್ದಾಗ ನೆಲ ಹಿಗ್ಗಿ ಮುಚ್ಚಿಕೊಳ್ಳುತ್ತಿತ್ತು. ಆದರೆ ಆ ಹಳೆಯ ಸಮತೋಲನದಲ್ಲಿ ಹಸಿವೂ ಸೇರಿತ್ತೆಂಬುದನ್ನು ಮರೆಯಲಾಗದು. 1876–78ರ ಮಹಾಕ್ಷಾಮವು ದಖ್ಖನಿಗೆ ಅದನ್ನು ಚೆನ್ನಾಗಿಯೇ ತಿಳಿಸಿತ್ತು.

ಬರಕ್ಕೆ ಪರಿಹಾರವಾಗಿ 1945ರಲ್ಲಿ ಮದ್ರಾಸು ಹಾಗೂ ಹೈದರಾಬಾದು ಸರಕಾರಗಳು ಹೊಸಪೇಟೆಯ ಬಳಿ ತುಂಗಭದ್ರಾ ಅಣೆಕಟ್ಟನ್ನು ಆರಂಭಿಸಿದವು. 1953ರಲ್ಲಿ ಕಾಲುವೆಗೆ ನೀರು ಹರಿಯಿತು. ಎಡದಂಡೆ ಕಾಲುವೆಯ ಉದ್ದ 227 ಕಿಲೋಮೀಟರು. ಇದ್ದ ನೀರನ್ನು ತೆಳುವಾಗಿ ಹಂಚಿ, ಜೋಳ, ಹತ್ತಿ, ಶೇಂಗಾದಂತಹ ಮಿತನೀರಿನ ಬೆಳೆಗಳಿಂದ ಬಹುಜನರನ್ನು ಬರದಿಂದ ಕಾಪಾಡುವುದು ಮೂಲ ಯೋಜನೆಯ ಆಶಯವಾಗಿತ್ತು. ಆಂಧ್ರದ ಕರಾವಳಿಯಿಂದ ಬಂದು ಕ್ಯಾಂಪುಗಳಲ್ಲಿ ನೆಲೆಸಿದ ಪರಿಶ್ರಮಿ ರೈತರೊಡನೆ ಭತ್ತ ಬಂದಿತು. ಸ್ಥಳೀಯರೂ ಅದನ್ನೇ ಅನುಸರಿಸಿದರು. ಸಿರಿ ಬಂದಿತೆಂಬುದು ನಿಜ.

ಆದರೆ ನೀರಿನೊಡನೆ ಇನ್ನೊಂದು ಲೆಕ್ಕವೂ ತೆರೆಯಿತು. ಎರೆಯಲ್ಲಿ ನೀರು ಬೇಗ ಇಂಗದು, ಬಸಿಯದು. ಗದ್ದೆಯಲ್ಲಿ ನಿಂತ ನೀರಿನಿಂದ ಅಂತರ್ಜಲ ಮೇಲೇರಿತು. ಬಿಸಿಲು ನೀರನ್ನು ಒಯ್ದು, ಅದರೊಳಗಿನ ಲವಣವನ್ನು ಬೇರಿನ ಬಳಿಯೇ ಬಿಟ್ಟಿತು. ಲವಣಕ್ಕೆ ಜಮೆಯುಂಟು, ಖರ್ಚಿಲ್ಲ. ಹೀಗಾಗಿ ಅಚ್ಚುಕಟ್ಟಿನ ಬಹಳಷ್ಟು ಭೂಮಿ ಸವುಳು-ಜವುಳಾಯಿತು. ಅತ್ತ ಜಲಾಶಯದಲ್ಲಿ ಹೂಳು ತುಂಬಿ, 133 ಟಿ.ಎಂ.ಸಿ. ಅಡಿಯಷ್ಟಿದ್ದ ಸಂಗ್ರಹಶಕ್ತಿ ಸುಮಾರು 105ಕ್ಕೆ ಇಳಿಯಿತು. ಮೇಲಿನವರ ಗದ್ದೆ ನೀರಿನಲ್ಲಿ ನಿಂತಿರುವಾಗ ಮಾನ್ವಿ, ರಾಯಚೂರು ಕಡೆಯ ಕೆಳಭಾಗದ ರೈತರು ಒಣ ಕಾಲುವೆಯನ್ನು ನೋಡಬೇಕಾಯಿತು.

ಕಾಲುವೆಯನ್ನು ಮುಚ್ಚಿ ಹಿಂದಿನ ಜೋಳದ ಕಾಲಕ್ಕೆ ಮರಳುವುದು ಆಗದ ಮಾತು. ಯಾವ ಪರ್ಯಾಯವೂ ಹಿಂದಿರುಗಿ ಬರುವುದಿಲ್ಲ. ಹೊಸ ಸಮತೋಲನವನ್ನು ಮಾತ್ರ ಕಟ್ಟಬಹುದು. ಬಸಿಗಾಲುವೆಗಳಿಂದ ಲವಣಕ್ಕೆ ಹೊರದಾರಿ ಮಾಡುವುದು, ನೀರನ್ನು ಬೇಕಾದಷ್ಟೇ ಬಳಸುವುದು ಅದರ ಎರಡು ಅಂಗಗಳು. ಮೊದಲನೆಯದನ್ನು ಗಂಗಾವತಿಯ ಕೃಷಿ ಸಂಶೋಧನಾ ಕೇಂದ್ರವು ದೀರ್ಘಕಾಲದಿಂದ ಅಭ್ಯಸಿಸಿದೆ. ಎರಡನೆಯದು ವಿಜ್ಞಾನಕ್ಕಿಂತ ಹೆಚ್ಚಾಗಿ ನೀತಿಯ ವಿಷಯ. ಶ್ರಾವಕನ ಪರಿಗ್ರಹಪರಿಮಾಣ ವ್ರತವನ್ನು ಹೊಲ, ಮನೆ, ಧನಧಾನ್ಯಗಳಿಗೆ ಅನ್ವಯಿಸಿ ಹೇಳಲಾಗಿದೆ; ಕಾಲುವೆಯ ನೀರನ್ನೂ ಆ ಪಟ್ಟಿಗೆ ಸೇರಿಸುವುದು ಈ ಕಾಲದ ಧರ್ಮವಾಗಿದೆ.