ಲೋಳೆಸರದ ಊರು ಯಾವುದು?

1998ರ ನವೆಂಬರ್‌ನಲ್ಲಿ ಪ್ರಧಾನಿ ವಾಜಪೇಯಿಯವರು ಸೈಬರ್ ಟವರ್ಸ್ ಉದ್ಘಾಟಿಸಿದ ಮೇಲೆ ಮಾದಾಪುರಕ್ಕೆ ವಲಸೆ ಬಂದವರಿಗೆ ಲೆಕ್ಕವಿಲ್ಲ. ಮಕ್ಕಳ ಕೆಲಸದ ಹಿಂದೆ ನಮ್ಮಂಥ ಪಿಂಚಣಿದಾರರೂ ಬಂದೆವು. ಆದರೆ ಇಲ್ಲಿನ ಬಾಲ್ಕನಿಗಳಲ್ಲಿರುವ ಲೋಳೆಸರ ನಮಗಿಂತ ಬಹಳ ಹಳೆಯ ವಲಸೆಗಾರ.

ತೆಲುಗರು ಇದನ್ನು ಕಲಬಂದ ಅನ್ನುತ್ತಾರೆ. ದೃಷ್ಟಿಯಾಗದಿರಲಿ ಅಂತ ಬೇರುಸಮೇತ ಕಿತ್ತು ಬಾಗಿಲಿಗೆ ತಲೆಕೆಳಗಾಗಿ ಕಟ್ಟುತ್ತಾರೆ. ಮಣ್ಣಿಲ್ಲದೆ ತಿಂಗಳುಗಟ್ಟಲೆ ಬದುಕುತ್ತೆ! ಎಲೆಯ ರಂಧ್ರಗಳು ಹಗಲು ಮುಚ್ಚಿ ರಾತ್ರಿ ತೆರೆಯುವುದರಿಂದ ಕೂಡಿಟ್ಟ ನೀರು ಬೇಗ ಖರ್ಚಾಗುವುದಿಲ್ಲ.

ಸಂಸ್ಕೃತದಲ್ಲಿ ಕುಮಾರಿ ಎಂಬ ಹೆಸರಿರುವುದರಿಂದ ಇದು ನಮ್ಮದೇ ಎನ್ನುವವರುಂಟು. ಸಸ್ಯಶಾಸ್ತ್ರಜ್ಞರು ತೋರಿಸುವ ತವರು ಮಾತ್ರ ಒಮಾನಿನ ಬೆಟ್ಟಗಳು. ಒಂದನೇ ಶತಮಾನದ ಗ್ರೀಕ್ ವೈದ್ಯ ಡಯಾಸ್ಕೊರಿಡೀಸ್ ಇದು ಭಾರತದಲ್ಲಿ ಹೇರಳ ಎಂದು ಬರೆದ. ಅವನ ಕಾಲಕ್ಕೇ ಇದಕ್ಕೆ ಭಾರತದ ವಿಳಾಸ ಸಿಕ್ಕಿಬಿಟ್ಟಿತ್ತು.

ನಮ್ಮ ಕಡೆ ಕೆಲವರು ಇದನ್ನೂ ಕತ್ತಾಳೆ ಅಂತಲೇ ಕರೆಯುತ್ತಾರೆ. ಎರಡರ ಎಲೆಗಳೂ ಬುಡದಿಂದ ಸುತ್ತಲೂ ಹರಡಿ ನಿಲ್ಲುವುದೇ ಈ ಗೊಂದಲಕ್ಕೆ ಕಾರಣ. ಆದರೆ ಹೊಲದ ಬದುವಿನ ಕತ್ತಾಳೆ ಮೆಕ್ಸಿಕೊ ಕಡೆಯದು. 1492ರ ನಂತರ ಐರೋಪ್ಯರ ಹಡಗು ಹತ್ತಿ ಹೊರಟದ್ದು. ನಮ್ಮಲ್ಲಿ ಬೇಲಿಯಾಯಿತು, ನಾರು ಹಗ್ಗವಾಯಿತು. ಹತ್ತಾರು ವರ್ಷ ಸತ್ವ ಕೂಡಿಟ್ಟು, ಒಂದೇ ಸಲ ಹೂ ಬಿಟ್ಟು ಸಾಯುತ್ತದೆ. ಇದ್ದಬದ್ದ ಡಿಪಾಜಿಟ್ಟೆಲ್ಲ ಡ್ರಾ ಮಾಡಿ ಅಕೌಂಟ್ ಮುಚ್ಚಿದ ಹಾಗೆ. ಲೋಳೆಸರ ಹೂ ಬಿಟ್ಟು ಸಾಯುವುದಿಲ್ಲ.

ಈ ಗುರುತು ತಿಳಿದಿರಬೇಕು. ಕತ್ತಾಳೆ ರಸ ತಾಗಿದರೆ ತುರಿಕೆ, ಉರಿ. ಲೋಳೆಸರದಲ್ಲೂ ಒಳಗಿನ ತಿರುಳು ಬೇರೆ, ಸಿಪ್ಪೆಯಡಿಯ ಹಳದಿ ರಸ ಬೇರೆ. ಹಳದಿ ರಸ ಒಣಗಿದರೆ ಕರಿಬೋಳ. ಬಲವಾದ ಭೇದಿ ಮದ್ದು ಅದು. ಸುರಕ್ಷತೆಗೆ ಸಾಕಷ್ಟು ಪುರಾವೆಯಿಲ್ಲವೆಂದು 2002ರಲ್ಲಿ ಅಮೆರಿಕ ಸರ್ಕಾರ ವೈದ್ಯರ ಚೀಟಿಯಿಲ್ಲದೆ ಮಾರುವ ಭೇದಿ ಔಷಧಗಳಿಂದ ಇದನ್ನು ತೆಗೆಸಿತು. ನಮ್ಮ ವಾಕಿಂಗ್ ಗೆಳೆಯರು ಎಲೆಯನ್ನು ಇಡಿಯಾಗಿ ಮಿಕ್ಸಿಗೆ ಹಾಕಿ ಕುಡಿಯುತ್ತಾರೆ. ಬೇಡ ಮಾರಾಯರೇ ಅಂದರೆ ಕೇಳುವುದಿಲ್ಲ. ಬಸುರಿಯರಂತೂ ಕುಡಿಯಲೇಬಾರದು.

ಸಾಕುವುದು ಕಷ್ಟವಲ್ಲ. ತೂತಿರುವ ಕುಂಡ, ಅರ್ಧದಷ್ಟು ಮರಳು ಬೆರೆಸಿದ ಮಣ್ಣು, ಒಳ್ಳೆ ಬೆಳಕು. ಮಣ್ಣು ಪೂರ್ತಿ ಒಣಗಿದ ಮೇಲೇ ನೀರು. ಮಳೆಗಾಲದಲ್ಲಿ ಕುಂಡವನ್ನು ಒಳಗೆ ಸರಿಸಿ, ಬುಡ ಕೊಳೆತರೆ ಮುಗೀತು. ಹದಿನೈದು ದಿನ ಊರಿಗೆ ಹೋಗಿಬಂದರೂ ಗಿಡ ಮುನಿಯುವುದಿಲ್ಲ. ಬುಡದ ಮರಿಗಳನ್ನು ಬಿಡಿಸಿ, ಗಾಯ ಆರಲು ಎರಡು ದಿನ ನೆರಳಲ್ಲಿಟ್ಟು ನೆಡಬೇಕು. ನಮ್ಮ ಮನೆಯ ಮರಿಗಳು ಈಗ ಮೇಲಿನ ಮಹಡಿಯ ಒಡಿಶಾದವರಲ್ಲೂ ಎದುರು ಮನೆಯ ಕರೀಂನಗರದವರಲ್ಲೂ ಬೇರು ಬಿಟ್ಟಿವೆ.