ಎರವಲು ನೆಲದ ಮೇಲೆ ಪುಟ್ಟ ಕಾರುಗಳು

ಸೈಕಲ್ಲಿನ ಒಂದು ಹಳೆಯ ಟೈರು, ಕೈಯಲ್ಲೊಂದು ಕೋಲು. ನಮ್ಮ ತಲೆಮಾರಿನ ಅನೇಕರ ಮೊದಲ ಮೋಟಾರು ರೇಸು ಇಷ್ಟರಲ್ಲೇ ಮುಗಿಯುತ್ತಿತ್ತು. ಅದಕ್ಕೆ ಬೇರೆ ಟ್ರ್ಯಾಕು ಬೇಕಿರಲಿಲ್ಲ. ಊರ ಬೀದಿಯೇ ಟ್ರ್ಯಾಕು, ಅರಳಿಕಟ್ಟೆಯೇ ಗೆಲುವಿನ ಗೆರೆ. ಅಮೆರಿಕದಲ್ಲಿ ಬೆಳೆಯುತ್ತಿರುವ ನಮ್ಮ ಮಕ್ಕಳ ಕೈಯಲ್ಲಿ ಕೋಲಿನ ಬದಲು ರೇಡಿಯೋ ಟ್ರಾನ್ಸ್‌ಮಿಟರ್ ಇದೆ, ಟೈರಿನ ಬದಲು ಮೊಳದುದ್ದದ ಕಾರಿದೆ. ಇಲ್ಲದಿರುವುದು ಬೀದಿ ಮಾತ್ರ. ಬೀದಿ ಇಲ್ಲಿ ದೊಡ್ಡ ಕಾರುಗಳ ಸ್ವತ್ತು.

ನಮ್ಮ ಸಂಘದ ಹದಿಹರೆಯದ ಮಕ್ಕಳು ಕೆಲವರು ಊರ ಪಾರ್ಕಿನಲ್ಲಿ ಒಂದು ಆರ್.ಸಿ. ಟ್ರ್ಯಾಕು ಆಗಬೇಕೆಂದು ಅರ್ಜಿ ಹಿಡಿದು ಓಡಾಡುತ್ತಿರುವುದು ನಿಮಗೆಲ್ಲ ಗೊತ್ತೇ ಇದೆ. ಸಂಘ ಅದಕ್ಕೆ ಬೆಂಬಲ ಕೊಡಬೇಕೇ ಎಂಬುದು ಮುಂದಿನ ಸರ್ವಸದಸ್ಯರ ಸಭೆಯ ಮುಂದೆ ಬರಲಿದೆ. ವೈದ್ಯನಾದವನು ರೋಗಿಯ ಪೂರ್ವಾಪರ ವಿಚಾರಿಸದೆ ಔಷಧಿ ಬರೆಯುವುದಿಲ್ಲ. ಹಾಗೆಯೇ, ಇಂಥ ಟ್ರ್ಯಾಕುಗಳು ಬೇರೆಡೆ ಹೇಗೆ ಹುಟ್ಟಿದವು, ಹೇಗೆ ಬದುಕಿದವು, ಏಕೆ ಮುಚ್ಚಿದವು ಎಂದು ತಿಳಿದು ಕೈ ಎತ್ತುವುದು ಒಳ್ಳೆಯದೆಂದು ಈ ಲೇಖನ.

ಆಟದ ಹುಟ್ಟು

ತಂತಿಯ ಹಂಗಿಲ್ಲದೆ ದೂರದಿಂದ ವಾಹನ ನಡೆಸುವ ಕಲ್ಪನೆ ಹೊಸದೇನಲ್ಲ. 1898ರಲ್ಲೇ ನಿಕೋಲಾ ಟೆಸ್ಲಾ ನ್ಯೂಯಾರ್ಕಿನ ಮ್ಯಾಡಿಸನ್ ಸ್ಕ್ವೇರ್ ಗಾರ್ಡನ್ನಿನಲ್ಲಿ ಒಂದು ಪುಟ್ಟ ದೋಣಿಯನ್ನು ರೇಡಿಯೋ ಅಲೆಗಳಿಂದ ನಡೆಸಿ ತೋರಿಸಿದ. ಅದೇ ವರ್ಷ ಅದಕ್ಕೆ ಪೇಟೆಂಟನ್ನೂ ಪಡೆದ. ಆದರೆ ಹಳೆಯ ವಾಲ್ವ್ ರೇಡಿಯೋ ಮತ್ತು ಅದರ ಬ್ಯಾಟರಿಗಳ ಭಾರವನ್ನು ದೋಣಿ ಹೊತ್ತೀತು, ಮೊಳದುದ್ದದ ಕಾರು ಹೊರಲಾರದು. ಟ್ರಾನ್ಸಿಸ್ಟರ್ ಬಂದ ಮೇಲೆಯೇ ಕಾರಿನ ಸರದಿ ಬಂದದ್ದು. 1966ರಲ್ಲಿ ಇಟಲಿಯ ಎಲ್-ಜಿ ಎಂಬ ಸಂಸ್ಥೆ ಫೆರಾರಿ 250 ಎಲ್.ಎಂ. ಕಾರಿನ 1:12 ಅಳತೆಯ ರೇಡಿಯೋ ಮಾದರಿಯನ್ನು ಮಾರುಕಟ್ಟೆಗೆ ತಂದಿತು. ಅಂಗಡಿಯಲ್ಲಿ ಕೊಳ್ಳಲು ಸಿಕ್ಕ ಮೊದಲ ರೇಡಿಯೋ ಕಾರು ಅದೇ ಎನ್ನುತ್ತಾರೆ.

ಅಮೆರಿಕದಲ್ಲಿ ಆಗ ಸ್ಲಾಟ್ ಕಾರುಗಳ ಹುಚ್ಚು. ಗಾಡಿ ಕೊರೆದ ಹಾದಿಯಲ್ಲಿ ಸಿಕ್ಕಿಸಿದ ಕಾರು ವಿದ್ಯುತ್ತಿನಿಂದ ಓಡುತ್ತಿತ್ತು. ಆಡುವವನ ಕೈಯಲ್ಲಿದ್ದದ್ದು ವೇಗ ಮಾತ್ರ. ಊರೂರಿಗೂ ತೆರೆದಿದ್ದ ಆ ಸ್ಲಾಟ್ ಕಾರ್ ಮಳಿಗೆಗಳು ಆ ದಶಕ ಮುಗಿಯುವ ಹೊತ್ತಿಗೆ ಒಂದೊಂದಾಗಿ ಬಾಗಿಲು ಹಾಕಿದವು. ಆದರೆ ಅಲ್ಲಿ ಮೋಟಾರು ಸುತ್ತಲು, ಗಿಯರು ಹೊಂದಿಸಲು ಕಲಿತ ಕೈಗಳು ಸುಮ್ಮನಿರಲಿಲ್ಲ. ಇಂದಿಗೂ ಹೆಸರುವಾಸಿಯಾದ ಕ್ಯಾಲಿಫೋರ್ನಿಯಾದ ಅಸೋಸಿಯೇಟೆಡ್ ಸಂಸ್ಥೆ ಶುರುವಾದದ್ದು ಸ್ಲಾಟ್ ಕಾರಿನಿಂದಲೇ. ರೇಡಿಯೋ ಕಾರಿನ ಸ್ಪರ್ಧೆಗಳಿಗೆ ನಿಯಮ ಬರೆಯಲು ರೋರ್ ಎಂಬ ಸಂಘಟನೆ 1967ರಲ್ಲೇ ಹುಟ್ಟಿತು. ಆಟ ನೆಟ್ಟಗೆ ನಿಲ್ಲುವ ಮೊದಲೇ ಸಂಘ! ಈ ವಿಷಯದಲ್ಲಿ ಅವರೂ ನಮ್ಮ ಕನ್ನಡಿಗರಂತೆಯೇ ಎನ್ನಬೇಕು.

ಆಟವನ್ನು ಮನೆಮನೆಗೆ ಮುಟ್ಟಿಸಿದ್ದು ಜಪಾನಿನ ತಾಮಿಯಾ. 1976ರಲ್ಲಿ ಅದು ಹೊರತಂದ 1:12 ಅಳತೆಯ ಪೋರ್ಷೆ 934 ಮೊದಲ ವರ್ಷದಲ್ಲೇ ಲಕ್ಷಕ್ಕೂ ಹೆಚ್ಚು ಮಾರಾಟವಾಯಿತು. ಕಾರು ಅಗ್ಗವಾಯಿತು, ಹುಡುಗರು ಹೆಚ್ಚಿದರು. ಉಳಿದ ಪ್ರಶ್ನೆ ಒಂದೇ: ಓಡಿಸುವುದೆಲ್ಲಿ?

ಪಾರ್ಕಿಂಗ್ ಲಾಟಿನ ಭಾನುವಾರಗಳು

ಮೊದಲ ಉತ್ತರ ಪಾರ್ಕಿಂಗ್ ಲಾಟು. ಭಾನುವಾರ ಅಂಗಡಿ ತೆರೆಯದ ಕಡೆಗಳಲ್ಲಿ ಎಕರೆಗಟ್ಟಲೆ ಡಾಂಬರು ಖಾಲಿ ಬಿದ್ದಿರುತ್ತಿತ್ತು. ಬೆಳಗ್ಗೆ ಬೇಗ ಹೋಗಿ ಪೊರಕೆಯಿಂದ ಗುಡಿಸುವುದು, ಸೀಮೆಸುಣ್ಣದಲ್ಲಿ ಗೆರೆ ಎಳೆಯುವುದು, ತಿರುವುಗಳಲ್ಲಿ ಹೋಸ್ ಪೈಪೋ ಮರದ ಪಟ್ಟಿಯೋ ಇಡುವುದು, ಸಂಜೆ ಎಲ್ಲವನ್ನೂ ಎತ್ತಿ ಕಾರಿನ ಡಿಕ್ಕಿಗೆ ತುಂಬಿಕೊಂಡು ಹೋಗುವುದು. ನುಣುಪು ಡಾಂಬರಿನ ಮೇಲೆ ಚಕ್ರ ಜಾರದಿರಲಿ ಎಂದು ಸಕ್ಕರೆ ನೀರು ಅಥವಾ ಸೋಡಾ ಪಾಕ ಸಿಂಪಡಿಸುವುದೂ ರೂಢಿಗೆ ಬಂತು. ನೀರು ಆರಿದ ಮೇಲೆ ಉಳಿಯುವ ತೆಳು ಅಂಟು ಟೈರನ್ನು ಹಿಡಿಯುತ್ತದೆ. ಜಿಲೇಬಿ ತಿಂದ ಕೈ ತೊಳೆಯದೆ ಪುಸ್ತಕ ಮುಟ್ಟಿದವರಿಗೆ ಇದರ ವಿಜ್ಞಾನ ವಿವರಿಸಬೇಕಾಗಿಲ್ಲ.

ಆಗ ಇನ್ನೆರಡು ತೊಡಕುಗಳಿದ್ದವು. ಒಂದು, ರೇಡಿಯೋ. 27 ಮೆಗಾಹರ್ಟ್ಸ್ ಪಟ್ಟಿಯಲ್ಲಿ ಈ ಆಟಕ್ಕೆ ಬಳಕೆಯಲ್ಲಿದ್ದದ್ದು ಆರು ಚಾನೆಲ್. ಒಂದೊಂದಕ್ಕೂ ಒಂದು ಬಣ್ಣ. ಒಂದೇ ಬಣ್ಣದ ಇಬ್ಬರು ಟ್ರಾನ್ಸ್‌ಮಿಟರ್ ಹಚ್ಚಿದರೆ ಒಬ್ಬನ ಕಾರು ಇನ್ನೊಬ್ಬನ ಮಾತು ಕೇಳುತ್ತಿತ್ತು. ಅದಕ್ಕಾಗಿ ಹಲಗೆಯೊಂದಕ್ಕೆ ಕ್ಲಿಪ್ಪುಗಳನ್ನು ಸಿಕ್ಕಿಸಿಟ್ಟು, ನಿಮ್ಮ ಬಣ್ಣದ ಕ್ಲಿಪ್ಪು ಕೈಗೆ ಸಿಕ್ಕರೆ ಮಾತ್ರ ರೇಡಿಯೋ ಹಚ್ಚಬೇಕೆಂಬ ಕಟ್ಟಳೆ ಬಂತು. 2000ದ ದಶಕದಲ್ಲಿ 2.4 ಗಿಗಾಹರ್ಟ್ಸ್ ರೇಡಿಯೋಗಳು ಬಂದ ಮೇಲೆ ಈ ಕ್ಲಿಪ್ಪಿನ ಕಾಟ ತಪ್ಪಿತು. ಎರಡನೆಯ ತೊಡಕು ಸುತ್ತುಗಳ ಲೆಕ್ಕ. ಒಂದೊಂದು ಕಾರಿಗೆ ಒಬ್ಬೊಬ್ಬರು ಪೆನ್ಸಿಲ್ ಹಿಡಿದು ಕೂರಬೇಕಿತ್ತು, ಜಗಳವೂ ಅಲ್ಲೇ ಹುಟ್ಟುತ್ತಿತ್ತು. ಹಾಲೆಂಡಿನ ಎ.ಎಂ.ಬಿ. ಸಂಸ್ಥೆಯ ಟ್ರಾನ್ಸ್‌ಪಾಂಡರ್ ಹರಡಿದ ಮೇಲೆ, ಗೆಲುವಿನ ಗೆರೆಯ ಕೆಳಗೆ ಹೂತ ತಂತಿಯೇ ಪ್ರತಿ ಕಾರಿನ ಸಂಖ್ಯೆ ಓದಿ ಕಂಪ್ಯೂಟರಿಗೆ ತಿಳಿಸತೊಡಗಿತು.

ಮಣ್ಣಿನ ಕೆಲಸ

1979ರಲ್ಲಿ ತಾಮಿಯಾ ಮರಳು-ಮಣ್ಣಿನಲ್ಲಿ ಓಡುವ ಬಗ್ಗಿ ಕಾರುಗಳನ್ನು ತಂದಿತು. 1984ರಲ್ಲಿ ಅಸೋಸಿಯೇಟೆಡ್ಡಿನ ಆರ್.ಸಿ. 10 ಬಂತು. ಇವು ಹಳ್ಳದಿಣ್ಣೆಗಳನ್ನು ಹಾರುವ ಕಾರುಗಳು. ಗೆರೆ ಎಳೆದ ಡಾಂಬರು ಇನ್ನು ಸಾಲದಾಯಿತು, ಟ್ರ್ಯಾಕನ್ನು ನಿಜವಾಗಿ ಕಟ್ಟಬೇಕಾಯಿತು. 1:10 ಅಳತೆಯ ಆಫ್-ರೋಡ್ ಕಾರುಗಳ ಮೊದಲ ವಿಶ್ವ ಚಾಂಪಿಯನ್‌ಷಿಪ್ 1985ರಲ್ಲಿ ಕ್ಯಾಲಿಫೋರ್ನಿಯಾದ ಡೆಲ್ ಮಾರ್ ಎಂಬಲ್ಲಿ ರ‍್ಯಾಂಚ್ ಪಿಟ್ ಶಾಪ್ ಟ್ರ್ಯಾಕಿನಲ್ಲಿ ನಡೆಯಿತು. ಎರಡು ವರ್ಷದ ಬಳಿಕ ಇಂಗ್ಲೆಂಡಿನ ರೋಮ್ಸಿಯಲ್ಲಿ ಜಪಾನಿನ ಹುಡುಗ ಮಸಾಮಿ ಹಿರೋಸಾಕಾ ನಾಲ್ಕು ಚಕ್ರ ಚಾಲನೆಯ ವಿಭಾಗವನ್ನು ಗೆದ್ದ. ಮುಂದೆ ಆತ ಬೇರೆ ಬೇರೆ ವಿಭಾಗಗಳಲ್ಲಿ ಒಟ್ಟು 14 ವಿಶ್ವ ಪ್ರಶಸ್ತಿಗಳನ್ನು ಗಳಿಸಿದ.

ಇಂಥ ಟ್ರ್ಯಾಕು ಕಟ್ಟುವ ಬಗೆ ಕೇಳಿದರೆ ರೈತಾಪಿ ಮನೆಯಿಂದ ಬಂದವರಿಗೆ ಸುಗ್ಗಿಯ ಕಣ ನೆನಪಾದೀತು. ಮೊದಲು ನೀರಿನ ಲೆಕ್ಕ. ಮಳೆ ಬಿದ್ದರೆ ನೀರು ಎತ್ತ ಹರಿಯಬೇಕು ಎಂಬುದನ್ನು ಗೊತ್ತು ಮಾಡಿ ನೆಲಕ್ಕೆ ಸಣ್ಣ ಇಳಿಜಾರು ಕೊಡದಿದ್ದರೆ, ಮಿಕ್ಕ ಕೆಲಸವೆಲ್ಲ ನೀರಲ್ಲಿಟ್ಟ ಹೋಮ. ಆಮೇಲೆ ಜೇಡಿಮಣ್ಣು. ಅದನ್ನು ತೆಳುವಾಗಿ ಹರಡಿ, ನೀರು ಚಿಮುಕಿಸಿ, ರೋಲರ್ ಹಾಯಿಸಿ, ಒಣಗಲು ಬಿಟ್ಟು, ಮತ್ತೆ ಇನ್ನೊಂದು ಪದರ. ಬಿರುಕು ಬಿಡದಿರಲು ತೇವ ಹಿಡಿದಿಡುವ ಕ್ಯಾಲ್ಸಿಯಂ ಕ್ಲೋರೈಡ್ ಬೆರೆಸುವವರೂ ಉಂಟು. ಗಟ್ಟಿಯಾದ ಆ ನೆಲದ ಮೇಲೆ ದಿನವೂ ಕಾರು ಓಡಿ ಟೈರಿನ ರಬ್ಬರು ಮೆತ್ತಿಕೊಂಡರೆ ಹೊಳೆಯುವ ಒಂದು ಕಪ್ಪು ಹಾದಿ ಮೂಡುತ್ತದೆ. ಒಳ್ಳೆಯ ಹಿಡಿತ ಇರುವುದು ಆ ಹಾದಿಯಲ್ಲೇ.

ಹಾದಿಯ ಅಗಲ ಸಾಮಾನ್ಯವಾಗಿ ಹತ್ತರಿಂದ ಹದಿಮೂರು ಅಡಿ. ಅಂಚುಗಳಿಗೆ ಅಮೆರಿಕದಲ್ಲಿ ಹೆಚ್ಚಾಗಿ ಬಳಸುವುದು ಚರಂಡಿಗೆ ಹಾಕುವ ಕಪ್ಪು ಪ್ಲಾಸ್ಟಿಕ್ಕಿನ ಸುರುಳಿ ಪೈಪು. ಅದು ಅಗ್ಗ, ಬಾಗುತ್ತದೆ, ಕಾರು ಗುದ್ದಿದರೆ ಇಬ್ಬರಿಗೂ ಪೆಟ್ಟಾಗುವುದಿಲ್ಲ. ಒಂದು ಬದಿಗೆ ಎತ್ತರದ ಅಟ್ಟಣೆ. ಓಡಿಸುವವರೆಲ್ಲ ಅದರ ಮೇಲೆ ಸಾಲಾಗಿ ನಿಲ್ಲುತ್ತಾರೆ. ಟ್ರ್ಯಾಕಿನ ಯಾವ ಮೂಲೆಯೂ ಅಟ್ಟಣೆಯಿಂದ ಮರೆಯಾಗಬಾರದು. ಕಾಣದ ಕಾರನ್ನು ಓಡಿಸಲು ಯಾರಿಂದಲೂ ಸಾಧ್ಯವಿಲ್ಲವಷ್ಟೆ.

ತಾಯಂದಿರು ಮೊದಲು ಕೇಳುವ ಪ್ರಶ್ನೆಗೆ ಇಲ್ಲಿ ಉತ್ತರ ಹೇಳಿಬಿಡುತ್ತೇನೆ. ಒಂದೂವರೆ ಕಿಲೋ ತೂಕದ ಕಾರು ಗಂಟೆಗೆ 60 ಕಿಲೋಮೀಟರ್ ವೇಗದಲ್ಲಿ ಬಂದರೆ ಅದರ ಚಲನಶಕ್ತಿ ಸುಮಾರು 208 ಜೂಲ್. ವೇಗದ ಬೌಲರ್ 140 ಕಿಲೋಮೀಟರ್ ವೇಗದಲ್ಲಿ ಎಸೆದ ಕ್ರಿಕೆಟ್ ಚೆಂಡಿನದು ಸುಮಾರು 120 ಜೂಲ್. ಆದ್ದರಿಂದ ಇದನ್ನು ಆಟಿಕೆ ಎಂದು ಕಡೆಗಣಿಸುವಂತಿಲ್ಲ. ಪ್ರೇಕ್ಷಕರಿಗೂ ಟ್ರ್ಯಾಕಿಗೂ ನಡುವೆ ಬೇಲಿ ಇರಲೇಬೇಕು. ಚಿಕ್ಕ ಮಕ್ಕಳು ಬೇಲಿಯ ಹೊರಗೇ ಇರಬೇಕು.

ಚಾವಣಿಯ ಕೆಳಗೆ

ಚಳಿಗಾಲದಲ್ಲಿ ಆಟ ಒಳಗೆ ಬಂತು. ಬಾಡಿಗೆ ಸಭಾಂಗಣದಲ್ಲಿ ಒರಟು ಕಾರ್ಪೆಟ್ ಹಾಸಿದರೆ ಅದೇ ಟ್ರ್ಯಾಕು. ಓಹಾಯೋದ ಕ್ಲೀವ್‌ಲ್ಯಾಂಡಿನಲ್ಲಿ ಥ್ಯಾಂಕ್ಸ್‌ಗಿವಿಂಗ್ ವಾರಾಂತ್ಯದ ಕಾರ್ಪೆಟ್ ರೇಸು ದಶಕಗಳ ಕಾಲ ನಡೆದುಬಂದ ಜಾತ್ರೆ. ಮಳೆಯ ನಾಡಾದ ಇಂಗ್ಲೆಂಡಿನ ಕ್ಲಬ್ಬುಗಳು ಕೆಸರಿನಿಂದ ಬೇಸತ್ತು ಕೃತಕ ಹುಲ್ಲಿನತ್ತ ಹೊರಳಿದವು. ಜಪಾನಿನ ಯತಾಬೆ ಎಂಬಲ್ಲಿ 1995ರಲ್ಲಿ ಆಫ್-ರೋಡ್ ವಿಶ್ವ ಸ್ಪರ್ಧೆ ನಡೆಯಿತು. ಇಪ್ಪತ್ತು ವರ್ಷದ ಮೇಲೆ, 2015ರಲ್ಲಿ, ಅದೇ ಯತಾಬೆಗೆ ಸ್ಪರ್ಧೆ ಮರಳಿತು, ಈ ಬಾರಿ ಕೃತಕ ಹುಲ್ಲಿನ ಮೇಲೆ. ಇಷ್ಟು ದೀರ್ಘಾಯುಸ್ಸು ಈ ಲೋಕದಲ್ಲಿ ಅಪರೂಪ. ಮೊದಲ ವಿಶ್ವ ಸ್ಪರ್ಧೆ ಕಂಡ ಡೆಲ್ ಮಾರ್‌ನ ಟ್ರ್ಯಾಕು ಇಂದು ಅಲ್ಲಿಲ್ಲ.

ಏಕೆ ಮುಚ್ಚುತ್ತವೆ?

ಟ್ರ್ಯಾಕುಗಳನ್ನು ಮುಚ್ಚಿಸುವುದು ಆಸಕ್ತಿಯ ಕೊರತೆಯೊಂದೇ ಅಲ್ಲ. ಮೊದಲ ಕಾರಣ ನೆಲ. ಪಾರ್ಕಿಂಗ್ ಲಾಟಿಗೆ ಹೊಸ ಯಜಮಾನ ಬರುತ್ತಾನೆ, ಗೋದಾಮಿನ ಬಾಡಿಗೆ ಏರುತ್ತದೆ, ಖಾಲಿ ಜಾಗದಲ್ಲಿ ಮನೆಗಳೇಳುತ್ತವೆ. ದೊಡ್ಡ ಕಾರುಗಳ ಕಥೆಯೂ ಇದೇ. ಇಂಗ್ಲೆಂಡಿನ ಸಿಲ್ವರ್‌ಸ್ಟೋನ್ ಯುದ್ಧಕಾಲದ ವಿಮಾನ ನಿಲ್ದಾಣ. ಅಲ್ಲಿ 1948ರಲ್ಲಿ ರೇಸು ಶುರುವಾಯಿತು. ಬೆಂಗಳೂರಿನಿಂದ ರಾತ್ರಿಯೆಲ್ಲ ಬೈಕು ಓಡಿಸಿಕೊಂಡು ಹೋಗಿ ಷೋಲಾವರಂ ರೇಸು ನೋಡಿ ಬಂದ ಹಿರಿಯರು ನಮ್ಮ ನಡುವೆಯೂ ಇರಬಹುದು. ಮದರಾಸಿನ ಹತ್ತಿರದ ಆ ಷೋಲಾವರಂ ಕೂಡ ಎರಡನೆಯ ಮಹಾಯುದ್ಧದ ವಿಮಾನ ಪಟ್ಟಿಯೇ. ಅಲ್ಲಿ ರೇಸು ನಡೆಸುತ್ತಿದ್ದ ಮದರಾಸ್ ಮೋಟಾರ್ ಸ್ಪೋರ್ಟ್ಸ್ ಕ್ಲಬ್ ಹುಟ್ಟಿದ್ದು 1953ರಲ್ಲಿ. ಇರುಂಗಾಟ್ಟುಕೋಟೈನಲ್ಲಿ ಅದರ ಸ್ವಂತ ಟ್ರ್ಯಾಕು ತೆರೆದದ್ದು 1990ರಲ್ಲಿ. ನಡುವಿನದೆಲ್ಲ ಎರವಲು ನೆಲದ ವರ್ಷಗಳು.

ಎರಡನೆಯ ಕಾರಣ ಸದ್ದು. ಮೆಥನಾಲ್ ಮತ್ತು ನೈಟ್ರೋಮೀಥೇನ್ ಬೆರೆಸಿದ ಇಂಧನದಿಂದ ಓಡುವ ಪುಟ್ಟ ಎಂಜಿನ್ನುಗಳು ಕಿವಿಯ ಬಳಿ ಕಣಜ ಬಂದಂತೆ ಕಿರುಚುತ್ತವೆ. ಭಾನುವಾರ ಬೆಳಗ್ಗೆ ಪಕ್ಕದ ಮನೆಯವರಿಗೆ ಅದು ಸಂಗೀತವಾಗಿ ಕೇಳಿಸೀತೆ? ಮೆಥನಾಲ್ ಹೊಟ್ಟೆಗೆ ಹೋದರೆ ಕಣ್ಣನ್ನೇ ಕಳೆಯುವ ವಿಷ ಎಂಬುದನ್ನೂ ಹೇಳದೆ ಬಿಡಲಾರೆ. ಈ ಇಪ್ಪತ್ತು ವರ್ಷಗಳಲ್ಲಿ ಲಿಥಿಯಂ ಪಾಲಿಮರ್ ಬ್ಯಾಟರಿ ಮತ್ತು ಬ್ರಷ್ ಇಲ್ಲದ ಮೋಟಾರು ಬಂದು ವಿದ್ಯುತ್ ಕಾರುಗಳು ಸದ್ದಿಲ್ಲದೆ ಅಷ್ಟೇ ವೇಗ ಗಳಿಸಿವೆ. ಟ್ರ್ಯಾಕು ಊರೊಳಗೆ ಬರಲು ಈಗ ದಾರಿಯಾಗಿದೆ. ಆದರೆ ಆ ಬ್ಯಾಟರಿಗೆ ಪೆಟ್ಟಾದರೆ ಬೆಂಕಿ ಹತ್ತಬಹುದು. ಕಣ್ಣಳತೆಯಲ್ಲಿ ಇಟ್ಟುಕೊಂಡೇ ಚಾರ್ಜು ಮಾಡಬೇಕು.

ಮೂರನೆಯ ಕಾರಣ ಜನ. ಓಡಿಸಲು ಎಲ್ಲರೂ ಬರುತ್ತಾರೆ. ಗುಡಿಸಲು, ನೀರು ಹಾಕಲು, ಪೈಪು ಎತ್ತಿಡಲು ಬರುವವರು ನಾಲ್ಕೇ ಮಂದಿ. ಆ ನಾಲ್ವರಲ್ಲಿ ಇಬ್ಬರಿಗೆ ಬೇರೆ ಊರಿಗೆ ವರ್ಗವಾದರೆ ಟ್ರ್ಯಾಕಿನ ಕಥೆ ಮುಗಿಯಿತು. ದೀಪಾವಳಿ ಕಾರ್ಯಕ್ರಮದ ಮಾರನೆಯ ದಿನ ಹಾಲು ಗುಡಿಸಲು ಬರುವವರು ಎಷ್ಟು ಮಂದಿ ಎಂದು ಬಲ್ಲ ಓದುಗರಿಗೆ ಹೆಚ್ಚು ವಿವರಣೆ ಬೇಡ.

ಮಾರ್ಷಲ್ ಸರದಿ

ಈ ಮೂರನೆಯ ರೋಗಕ್ಕೆ ಆಟದೊಳಗೇ ಒಂದು ಮದ್ದಿದೆ. ರೇಸಿನಲ್ಲಿ ಕಾರು ಮಗುಚಿದರೆ ಓಡಿಸುವವನು ಅಟ್ಟಣೆ ಇಳಿದು ಬರುವಂತಿಲ್ಲ. ತಿರುವಿನಲ್ಲಿ ನಿಂತ ಮಾರ್ಷಲ್ ಅದನ್ನು ಎತ್ತಿ ನೆಟ್ಟಗೆ ನಿಲ್ಲಿಸಬೇಕು. ಮಾರ್ಷಲ್ ಯಾರು? ಈಗಷ್ಟೇ ತನ್ನ ರೇಸು ಮುಗಿಸಿದವನು. ಗೆದ್ದಿರಲಿ ಸೋತಿರಲಿ, ಕಾರನ್ನು ಮೇಜಿನ ಮೇಲಿಟ್ಟು ಬಂದು, ಮುಂದಿನ ಗುಂಪಿಗಾಗಿ ಬಿಸಿಲಲ್ಲಿ ನಿಲ್ಲಬೇಕು. ನಿನ್ನನ್ನು ಸೋಲಿಸಲಿರುವವನ ಕಾರನ್ನೂ ಅಷ್ಟೇ ಬೇಗ ಎತ್ತಬೇಕು. ತಪ್ಪಿಸಿಕೊಂಡರೆ ದಂಡವಾಗಿ ಸುತ್ತು ಕಳೆಯುವ ಕ್ಲಬ್ಬುಗಳಿವೆ. ಅರ್ಧ ಶತಮಾನದಿಂದ ಈ ಪದ್ಧತಿ ನಡೆದುಬಂದಿದೆ. ನಾನು ಈ ಆಟದ ಪರವಾಗಲು ಮುಖ್ಯ ಕಾರಣ ಇದೇ. ಹದಿನಾಲ್ಕು ವರ್ಷದ ಹುಡುಗ ಹುಡುಗಿಯರಿಗೆ ಸರದಿಯ ಸೇವೆಯನ್ನು ಉಪದೇಶವಿಲ್ಲದೆ ಕಲಿಸುವ ಆಟಗಳು ಹೆಚ್ಚಿಲ್ಲ.

ನಮ್ಮೂರ ಅರ್ಜಿ

ಮಕ್ಕಳು ಕೇಳಿರುವುದು ಪಾರ್ಕಿನ ಮೂಲೆಯಲ್ಲಿ ಹಾಳುಬಿದ್ದ ಎರಡು ಟೆನ್ನಿಸ್ ಕೋರ್ಟು. ಸುತ್ತಲಿನ ಜಾಗ ಸೇರಿ ಒಂದು ಕೋರ್ಟಿಗೆ 60 ಅಡಿ ಅಗಲ, 120 ಅಡಿ ಉದ್ದ. ಎರಡೂ ಸೇರಿದರೆ 1:10 ಅಳತೆಯ ಕಾರುಗಳಿಗೆ ಧಾರಾಳ. ಬೇಲಿ ಆಗಲೇ ಇದೆ, ನೀರು ಹರಿಯುವ ಇಳಿಜಾರಿದೆ, ಮನೆಗಳು ದೂರ. ಆದರೆ ಅದೇ ಕೋರ್ಟುಗಳ ಮೇಲೆ ಪಿಕಲ್‌ಬಾಲ್ ಆಡುವವರ ಕಣ್ಣೂ ಇದೆ. ನಮ್ಮ ಸಂಘದಲ್ಲೇ ಅವರ ಸಂಖ್ಯೆ ಕಡಿಮೆಯೇನಿಲ್ಲ.

ಇತಿಹಾಸ ನೋಡಿದ ಮೇಲೆ ನನ್ನ ಸಲಹೆ ಇಷ್ಟು. ಬಾಯಿಮಾತಿನ ಒಪ್ಪಿಗೆ ಬೇಡ, ಪಾರ್ಕ್ ಇಲಾಖೆಯಿಂದ ವರ್ಷಗಳ ಲೆಕ್ಕದ ಲಿಖಿತ ಒಪ್ಪಂದವಾಗಲಿ. ವಿದ್ಯುತ್ ಕಾರುಗಳಿಗೆ ಮಾತ್ರ ಪ್ರವೇಶ ಎಂದು ಮೊದಲ ದಿನವೇ ಬರೆಯಲಿ. ರೋರ್ ಸದಸ್ಯ ಕ್ಲಬ್ಬುಗಳಿಗೆ ದೊರೆಯುವ ಹೊಣೆಗಾರಿಕೆಯ ವಿಮೆಯನ್ನು ಮೊದಲೇ ವಿಚಾರಿಸಲಿ. ಮೊದಲ ವರ್ಷ ಮಣ್ಣು ತರುವುದು ಬೇಡ. ಇರುವ ನೆಲದ ಮೇಲೆ ಎತ್ತಿಡಬಹುದಾದ ಪೈಪುಗಳಿಂದ ಶುರುಮಾಡಿ, ವಾರದ ಕೆಲವು ದಿನ ಪಿಕಲ್‌ಬಾಲಿನವರಿಗೆ ಬಿಟ್ಟುಕೊಟ್ಟರೆ ಜಗಳವೂ ತಪ್ಪೀತು. ಟ್ರ್ಯಾಕು ನಮ್ಮ ಮಕ್ಕಳದಷ್ಟೇ ಆಗದೆ ಊರಿನ ಎಲ್ಲ ಮಕ್ಕಳದಾಗಲಿ. ಊರಿನದಾದರೆ ಮಾತ್ರ ಅದನ್ನು ಉಳಿಸಿಕೊಳ್ಳಲು ಊರು ನಿಂತೀತು.

ಮೂವತ್ತು ವರ್ಷಗಳಿಂದ ನಮ್ಮ ಸಂಘ ಶಾಲೆಯ ಹಾಲು, ದೇವಸ್ಥಾನದ ನೆಲಮಾಳಿಗೆ, ಯಾರದೋ ಗ್ಯಾರೇಜು ಎಂದು ಎರವಲು ಜಾಗದಲ್ಲೇ ಯುಗಾದಿ, ರಾಜ್ಯೋತ್ಸವ ಮಾಡುತ್ತ ಬಂದಿದೆ. ಜಾಗ ಎರವಲಾದರೂ ಸಂಘ ಉಳಿದದ್ದು ಕುರ್ಚಿ ಮಡಿಸುವವರಿದ್ದುದರಿಂದ. ಮಕ್ಕಳ ಅರ್ಜಿಯ ಕೆಳಗೆ ಸಹಿ ಹಾಕುವಾಗ ಒಂದು ವಿಷಯ ಗೊತ್ತು ಮಾಡಿಕೊಳ್ಳಿ: ಶನಿವಾರ ಬೆಳಗ್ಗೆ ಪೊರಕೆ ಹಿಡಿದು ಬರುವ ದೊಡ್ಡವರು ಯಾರು ಯಾರು? ಹನ್ನೆರಡು ಕುಟುಂಬಗಳಾದರೂ ಸರದಿಗೆ ಹೆಸರು ಕೊಟ್ಟರೆ ನಾನು ಎರಡೂ ಕೈ ಎತ್ತುತ್ತೇನೆ. ಹೆಸರು ಬರೆಯುವ ಹಾಳೆ ಸಭೆಯ ದಿನ ಕಾಫಿ ಮೇಜಿನ ಪಕ್ಕದಲ್ಲಿರುತ್ತದೆ. ಮೊದಲ ಸಾಲಿನಲ್ಲಿ ನಮ್ಮ ಮನೆಯ ಹೆಸರಿದೆ.