ಹುಬ್ಬಳ್ಳಿ–ಧಾರವಾಡದ ಹಳೆಯ ಮನೆಗಳ ಗೋಡೆ ಮತ್ತು ಉಷ್ಣರಕ್ಷಣೆ

ಕಲ್ಲು, ಮಣ್ಣು, ಇಟ್ಟಂಗಿಯ ಹಳೆಯ ಮನೆಗಳನ್ನು ದುರಸ್ತಿ ಮಾಡಿಸುವಾಗ ಬಿಸಿಲಿನ ಕಾವು ಗೋಡೆಯ ಮೂಲಕ ಒಳಗಿಳಿಯದಂತೆ ಮಾಡುವ ಏರ್ಪಾಡಿಗೆ ಗೋಡೆಯ ಉಷ್ಣರಕ್ಷಣೆ ಎನ್ನುತ್ತಾರೆ. ಅವಳಿ ನಗರದಲ್ಲಿ ಇದಕ್ಕಾಗಿಯೇ ತಯಾರಿಸಿದ ಸಾಮಗ್ರಿಗಳ ಬಳಕೆ ಇತ್ತೀಚಿನದು. ಆದರೆ ಗೋಡೆಯಿಂದ ತಂಪು ಪಡೆಯುವ ಕ್ರಮ ಹಳೆಯದು. ಈ ಎರಡನ್ನೂ ಒಂದೇ ಎಂದು ಬರೆದ ಬರಹಗಳಿಂದ ಗೊಂದಲ ಹುಟ್ಟಿದೆ.

ಇನ್ನೊಂದು ಗೊಂದಲ ಅಂಕಿಅಂಶಗಳದು. 2011ರ ಜನಗಣತಿಯ ಮನೆಪಟ್ಟಿ ಗೋಡೆಗಳನ್ನು ಮಣ್ಣು ಅಥವಾ ಹಸಿ ಇಟ್ಟಂಗಿ, ಗಾರೆಯಿಲ್ಲದ ಕಲ್ಲು, ಗಾರೆ ಹಾಕಿದ ಕಲ್ಲು, ಸುಟ್ಟ ಇಟ್ಟಂಗಿ, ಕಾಂಕ್ರೀಟು ಮುಂತಾಗಿ ವಿಂಗಡಿಸುತ್ತದೆ. ಗೋಡೆಯ ದಪ್ಪ ಎಷ್ಟು, ಒಳಗೆ ಎಷ್ಟು ಪದರ, ಮೇಲೆ ಯಾವ ಗಿಲಾವು ಎಂಬುದನ್ನು ಅದು ಕೇಳುವುದಿಲ್ಲ. ಹೊರಮೈಗೆ ಕಲ್ಲು, ಒಳಮೈಗೆ ಹಸಿ ಇಟ್ಟಂಗಿ, ನಡುವೆ ಮಣ್ಣು ಮತ್ತು ಕಲ್ಲಿನ ಚೂರು, ಬೀದಿಯ ಕಡೆಗೆ ಸಿಮೆಂಟು ಗಿಲಾವು ಇರುವ ಗೋಡೆಯನ್ನು ಯಾವ ಸಾಲಿಗೆ ಸೇರಿಸಬೇಕು? ಎಣಿಸುವವರು ಕಣ್ಣಿಗೆ ಎದ್ದು ಕಂಡದ್ದನ್ನು ಬರೆದುಕೊಳ್ಳುತ್ತಾರೆ. ಹೀಗಾಗಿ ಊರಿನಲ್ಲಿ ಉಳಿದಿರುವ ಮಣ್ಣಿನ ಗೋಡೆಗಳ ನಿಜವಾದ ಪ್ರಮಾಣವನ್ನು ಈ ಪಟ್ಟಿಯಿಂದ ತಿಳಿಯಲು ಆಗದು.

ಮಣ್ಣು ಮತ್ತು ಕಲ್ಲಿನ ಗೋಡೆ

ಧಾರವಾಡ ಮಲೆನಾಡಿನ ಸೆರಗಿನಲ್ಲಿರುವ ಕೆಮ್ಮಣ್ಣಿನ ದಿಬ್ಬಗಳ ಊರು. ಅಲ್ಲಿಂದ ಸುಮಾರು 20 ಕಿ.ಮೀ. ದೂರದ ಹುಬ್ಬಳ್ಳಿಯಿಂದ ಪೂರ್ವಕ್ಕೆ ಎರೆಭೂಮಿ ಹರಡಿದೆ. ಮಳೆ ಹೆಚ್ಚಿರುವ ಪಶ್ಚಿಮದ ಕಡೆ ಇಳಿಜಾರು ಚಾವಣಿ, ಪೂರ್ವದ ಕಡೆ ಮಣ್ಣಿನ ಮಾಳಿಗೆ ರೂಢಿಯಾದವು. ಅವಳಿ ನಗರದಲ್ಲಿ ಎರಡೂ ಬಗೆ ಕಾಣುತ್ತವೆ. ಎರೆಮಣ್ಣು ನೀರು ಕುಡಿದಾಗ ಉಬ್ಬಿ ಒಣಗಿದಾಗ ಬಿರಿಯುವುದರಿಂದ ಗೋಡೆಗೆ ಒಗ್ಗದು. ಬೇರೆ ಮಣ್ಣು ತಂದು, ನೀರು ಬಿಟ್ಟು, ಹುಲ್ಲಿನ ಚೂರು ಹೊಟ್ಟು ಸೇರಿಸಿ ಕೊಳೆಹಾಕುತ್ತಿದ್ದರು. ನಾಲ್ಕಾರು ದಿನ ಕಾಲಿನಿಂದ ತುಳಿದು ತುಳಿದು, ಮಣ್ಣು ಬೆಣ್ಣೆಯಂತೆ ನುಣುಪಾಗಿ ಹುಳಿವಾಸನೆ ಬಿಟ್ಟಾಗಲೇ ಅದು ಗೋಡೆಗೆ ಹದ. ಹೀಗೆ ಎದ್ದ ಗೋಡೆ ಒಂದೂವರೆ ಅಡಿ, ಎರಡು ಅಡಿ ದಪ್ಪವಿರುತ್ತಿತ್ತು. ವಾಡೆಗಳಲ್ಲಿ ಇನ್ನೂ ಹೆಚ್ಚು. ದೀಪದ ಗೂಡು, ಸಾಮಾನಿನ ಮಾಡ ಎಲ್ಲವೂ ಆ ದಪ್ಪದೊಳಗೇ ಅಡಗುತ್ತಿದ್ದವು. ಉಳ್ಳವರ ಮನೆಗಳಲ್ಲಿ ಗಾಣದಲ್ಲಿ ಅರೆದ ಸುಣ್ಣ–ಮರಳಿನ ಗಚ್ಚು ಬಳಕೆಯಾಯಿತು.

ಇಂಥ ಗೋಡೆ ಶಾಖವನ್ನು ತಡೆಯುತ್ತದೆ ಎಂಬ ಮಾತನ್ನು ತಿದ್ದಬೇಕಾಗಿದೆ. ಒಂದು ಚದರ ಮೀಟರು ಗೋಡೆಯಲ್ಲಿ, ಒಳಗೂ ಹೊರಗೂ ಒಂದು ಡಿಗ್ರಿ ವ್ಯತ್ಯಾಸವಿದ್ದಾಗ, ಎಷ್ಟು ವ್ಯಾಟ್ ಶಾಖ ದಾಟುತ್ತದೆ ಎಂದು (ಇದನ್ನೇ ಮುಂದೆ ಶಾಖದಾಟು ಎಂದಿದೆ) ಲೆಕ್ಕ ಹಾಕಿದರೆ, ಒಂದೂವರೆ ಅಡಿಯ ಮಣ್ಣಿನ ಗೋಡೆಗೆ ಸುಮಾರು 1.3, ಒಂಬತ್ತು ಇಂಚಿನ ಇಟ್ಟಂಗಿ ಗೋಡೆಗೆ ಸುಮಾರು 2, ಒಂದೂವರೆ ಅಡಿಯ ಗಟ್ಟಿ ಕಲ್ಲಿನ ಗೋಡೆಗೆ ಸುಮಾರು 2.5 ಬರುತ್ತದೆ. ಎಂದರೆ ಕಲ್ಲಿನ ಗೋಡೆ ತನ್ನ ಅರ್ಧ ದಪ್ಪದ ಇಟ್ಟಂಗಿ ಗೋಡೆಗಿಂತ ಹೆಚ್ಚು ಶಾಖವನ್ನು ದಾಟಿಸುತ್ತದೆ! ಆದರೂ ಇಂಥ ದಪ್ಪ ಗೋಡೆಯ ಮನೆ ಮಧ್ಯಾಹ್ನ ತಂಪಾಗಿರುವುದು ಗೋಡೆಯ ತೂಕದಿಂದ. ಹಗಲಿನ ಕಾವನ್ನು ಅದು ತನ್ನೊಳಗೆ ಹೀರಿಕೊಂಡು, ಹತ್ತು ಹನ್ನೆರಡು ತಾಸು ತಡಮಾಡಿ ಒಳಮೈಗೆ ಮುಟ್ಟಿಸುತ್ತದೆ. ಅಷ್ಟರಲ್ಲಿ ರಾತ್ರಿಯಾಗಿರುತ್ತದೆ. ಏಪ್ರಿಲಿನಲ್ಲಿ ಹಗಲು 37 ಡಿಗ್ರಿಯ ಆಸುಪಾಸು ಏರಿ, ರಾತ್ರಿ 21–22ಕ್ಕೆ ಇಳಿಯುವ ಈ ಸೀಮೆಯಲ್ಲಿ, ಕಿಟಕಿ ತೆರೆದಿಟ್ಟರೆ ರಾತ್ರಿಯ ಗಾಳಿ ಆ ಕಾವನ್ನು ಹೊತ್ತೊಯ್ಯುತ್ತದೆ. ರಾತ್ರಿ ತಂಪಾಗದ ಊರಿನಲ್ಲಿ ಇದೇ ಗೋಡೆ ಇಷ್ಟು ಉಪಕಾರಿಯಲ್ಲ.

ರೈಲು ಮತ್ತು ಹಂಚು

ಮಣ್ಣಿನ ಮಾಳಿಗೆಯಿಂದ ಹಂಚಿಗೆ ಹೊರಳಿದ ಘಟ್ಟ ಚೆನ್ನಾಗಿ ದಾಖಲಾಗಿದೆ. ಬಾಸೆಲ್ ಮಿಷನ್ನಿನವರು 1865ರಲ್ಲಿ ಮಂಗಳೂರಿನಲ್ಲಿ ಹಂಚಿನ ಕಾರ್ಖಾನೆ ಆರಂಭಿಸಿದರು. 1880ರ ದಶಕದಲ್ಲಿ ಸದರ್ನ್ ಮರಾಠಾ ರೈಲ್ವೆ ಇತ್ತ ಬಂದು, ದೂರದ ಹಂಚು ತರಿಸಲು ದಾರಿಯಾಯಿತು. ಹುಬ್ಬಳ್ಳಿಯಲ್ಲಿ ಅದರ ಕಾರ್ಯಾಗಾರ ಎದ್ದಿತು.  ಮಣ್ಣಿನ ಮಾಳಿಗೆಯ ಜಾಗಕ್ಕೆ ಹಂಚು ಬಂದ ಮನೆಗಳಲ್ಲಿ ಗೋಡೆ ಹೊರುವ ಭಾರ ಇಳಿಯಿತು. ಮಾಳಿಗೆಯ ಮಣ್ಣು ಕೊಡುತ್ತಿದ್ದ ತಂಪೂ ಅದರೊಂದಿಗೆ ಹೋಯಿತು.

ಸಿಮೆಂಟಿನ ಕಾಲ

ಸಾಮಾನ್ಯವಾಗಿ ಸ್ವಾತಂತ್ರ್ಯದ ನಂತರ ಎಂದು ಒಂದೇ ಉಸಿರಿನಲ್ಲಿ ಹೇಳಿ ಮುಗಿಸುವ ಈ ಘಟ್ಟದಲ್ಲಿ ನಿಜವಾದ ತಿರುವು 1982. ಅಲ್ಲಿಯವರೆಗೆ ಸಿಮೆಂಟು ಸರ್ಕಾರದ ನಿಯಂತ್ರಣದಲ್ಲಿದ್ದು ಸುಲಭವಾಗಿ ಸಿಗುತ್ತಿರಲಿಲ್ಲ. ಆ ವರ್ಷ ನಿಯಂತ್ರಣ ಭಾಗಶಃ ಸಡಿಲಾಗಿ, 1989ರಲ್ಲಿ ಪೂರ್ತಿ ತೆರವಾಯಿತು. ಸಿಮೆಂಟು ಕೈಗೆಟುಕಿದ ಮೇಲೆ ಹಳೆಯ ಮನೆಗಳ ದುರಸ್ತಿ ಎಂದರೆ ಸಿಮೆಂಟು ಗಿಲಾವು ಎಂದೇ ಆಯಿತು. ಗೋಡೆಗಳಿಗೆ ಅತಿ ಹೆಚ್ಚು ಹಾನಿಯಾದದ್ದು ಇಲ್ಲಿ.

ಮಣ್ಣಿನ ಗೋಡೆ ನೆಲದ ತೇವವನ್ನು ಮೇಲಕ್ಕೆ ಎಳೆದುಕೊಳ್ಳುತ್ತದೆ, ಎರಡೂ ಮೈಗಳಿಂದ ಆರಿಸಿಕೊಳ್ಳುತ್ತದೆ. ಸಗಣಿ ಸಾರಣೆ, ಮಣ್ಣಿನ ಗಿಲಾವು, ಸುಣ್ಣ ಇವು ಆ ಆರುವಿಕೆಗೆ ಅಡ್ಡಿಯಾಗುವುದಿಲ್ಲ. ಸಿಮೆಂಟು ಅಡ್ಡಿಯಾಗುತ್ತದೆ. ಮಣ್ಣಿಗೆ ಸಿಮೆಂಟು ಹಿಡಿಯುವುದಿಲ್ಲವೆಂದು ಗೌಂಡಿಗಳು ತಂತಿಜಾಳಿಗೆ ಮೊಳೆ ಹೊಡೆದು ಅದರ ಮೇಲೆ ಗಿಲಾವು ಎಳೆಯುತ್ತಾರೆ. ಕೆಲವು ಮಳೆಗಾಲ ಕಳೆದ ಮೇಲೆ ಅಂಥ ಗೋಡೆಯನ್ನು ಬೆರಳ ಗೆಣ್ಣಿನಿಂದ ತಟ್ಟಿದರೆ ಟೊಳ್ಳು ಸದ್ದು ಬರುತ್ತದೆ. ಒಂದು ಚಕ್ಕೆ ಎಬ್ಬಿಸಿದರೆ ಹಿಂದಿನ ಮಣ್ಣು ಹಸಿಯಾಗಿ ಕೈಗೆ ಹತ್ತುತ್ತದೆ, ಅಂಚಿನಲ್ಲಿ ಉಪ್ಪು ಹತ್ತಿಯ ಎಳೆಯಂತೆ ಅರಳಿರುತ್ತದೆ. ತೇವ ತುಂಬಿದ ಗೋಡೆ ಶಾಖವನ್ನು ಬೇಗ ದಾಟಿಸುತ್ತದೆ, ತನ್ನ ಬಲವನ್ನೂ ಕಳೆದುಕೊಳ್ಳುತ್ತದೆ.

2019ರ ಆಗಸ್ಟ್‌ ಮಳೆಯಲ್ಲಿ ಧಾರವಾಡ ಜಿಲ್ಲೆಯೂ ಸೇರಿ ಉತ್ತರ ಕರ್ನಾಟಕದುದ್ದಕ್ಕೂ ಮಣ್ಣಿನ ಮನೆಗಳು ಕುಸಿದವು. ಪೂರ್ತಿ ಬಿದ್ದ ಮನೆಗೆ ಸರ್ಕಾರ 5 ಲಕ್ಷ ರೂಪಾಯಿ ನೆರವು ಪ್ರಕಟಿಸಿತು. ಮಣ್ಣಿನ ಗೋಡೆ ಎಂದರೆ ಅಪಾಯ ಎಂಬ ಭಾವನೆ ಆ ಬಳಿಕ ಬಲವಾಯಿತು. ನೀರು ನಿಂತ ತಳಪಾಯ, ಸೋರುವ ಮಾಳಿಗೆ, ಉಸಿರುಗಟ್ಟಿಸುವ ಗಿಲಾವು ಇವುಗಳ ಪಾಲನ್ನೂ ಮಣ್ಣಿನ ತಲೆಗೇ ಕಟ್ಟಿದ್ದು ಅನ್ಯಾಯ. ಬಿದ್ದ ಗೋಡೆಯ ಜಾಗದಲ್ಲಿ ಏಳುತ್ತಿರುವುದು ಬಹುಪಾಲು ಆರು ಇಂಚಿನ ಕಾಂಕ್ರೀಟು ಬ್ಲಾಕು. ಅದರ ಶಾಖದಾಟು ಸುಮಾರು 3, ತಡೆದಿಡುವ ಹೊತ್ತು ಕೆಲವೇ ತಾಸು. ಸಂಜೆ ಏಳಕ್ಕೆ ಇಂಥ ಮನೆಯ ಪಡುವಣ ಗೋಡೆಗೆ ಒಳಗಿನಿಂದ ಅಂಗೈ ಇಟ್ಟರೆ ಬಿಸಿ ತಾಗುತ್ತದೆ.

ಈಗಿನ ಕ್ರಮಗಳು

ಗೋಡೆಯ ನಡುವೆ ಪೊಳ್ಳು ಬಿಟ್ಟು ಕಟ್ಟುವುದು ಬ್ರಿಟನ್ನಿನಲ್ಲಿ ಇಪ್ಪತ್ತನೆಯ ಶತಮಾನದ ಮೊದಲರ್ಧದಲ್ಲಿ ಸಾಮಾನ್ಯವಾಯಿತು. ಅಲ್ಲಿ ತಿಂಗಳುಗಟ್ಟಲೆ ಒಳಗಿನ ಶಾಖ ಹೊರಗೆ ಸೋರುತ್ತದೆ. ಇಲ್ಲಿ ಶಾಖದ ದಿಕ್ಕು ಹಗಲಿಗೊಂದು, ರಾತ್ರಿಗೊಂದು. ಅಲ್ಲಿನ ಪರಿಹಾರವನ್ನು ಇದ್ದಂತೆಯೇ ತರುವುದು ಇದೇ ಕಾರಣಕ್ಕೆ ಸಲ್ಲದು. ಇಟ್ಟಂಗಿಯನ್ನು ಅಂಚಿನ ಮೇಲೆ ನಿಲ್ಲಿಸಿ ನಡುವೆ ಪೊಳ್ಳು ಬಿಡುವ ಇಲಿಬೋನು ಜೋಡಣೆಯನ್ನು ಕೇರಳದಲ್ಲಿ ಲಾರಿ ಬೇಕರ್ ಜನಪ್ರಿಯಗೊಳಿಸಿದರು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಆರಂಭವಾದ 'ಅಸ್ತ್ರ' ಕೇಂದ್ರ, ಸ್ವಲ್ಪ ಸಿಮೆಂಟು ಬೆರೆಸಿ ಒತ್ತಿದ ಮಣ್ಣಿನ ಬ್ಲಾಕನ್ನು ಬಳಕೆಗೆ ತಂದಿತು. ಎರಡೂ ಹೊಸ ಗೋಡೆಗೆ ಸಂಬಂಧಿಸಿದವು, ಇದ್ದ ಗೋಡೆಗಲ್ಲ.

ಇದ್ದ ಇಟ್ಟಂಗಿ ಅಥವಾ ಬ್ಲಾಕಿನ ಗೋಡೆಗೆ ಹೊರಗಿನಿಂದ ಎರಡು ಇಂಚು ಥರ್ಮೊಕೋಲ್ ಹಲಗೆ ಅಂಟಿಸಿ, ಜಾಳಿಗೆ ಹಾಕಿ ಗಿಲಾವು ಮಾಡಿದರೆ ಇಟ್ಟಂಗಿ ಗೋಡೆಯ ಶಾಖದಾಟು 2ರಿಂದ ಸುಮಾರು 0.5ಕ್ಕೆ ಇಳಿಯುತ್ತದೆ. ಅದೇ ಹಲಗೆಯನ್ನು ಒಳಗೆ ಅಂಟಿಸಿದರೆ ಗೋಡೆಯ ತೂಕ ಕೋಣೆಯಿಂದ ದೂರವಾಗುತ್ತದೆ, ರಾತ್ರಿಯ ತಂಪನ್ನು ಹಿಡಿದಿಡುವ ಗುಣ ಕೆಲಸಕ್ಕೆ ಬಾರದಂತಾಗುತ್ತದೆ. ದಪ್ಪ ಮಣ್ಣಿನ ಗೋಡೆಗೆ ಈ ಹಲಗೆ ಒಳಗೂ ಬೇಡ, ಹೊರಗೂ ಬೇಡ. ಅದು ತೇವವನ್ನು ಒಳಗೇ ಕಟ್ಟಿಹಾಕುತ್ತದೆ. ಅಲ್ಲಿ ಸಿಮೆಂಟು ಕೆರೆದು ಸುಣ್ಣದ ಅಥವಾ ಮಣ್ಣಿನ ಗಿಲಾವು ಮಾಡಿಸಿ, ಬುಡದಿಂದ ನೀರು ದೂರ ಹರಿಯುವಂತೆ ನೋಡಿಕೊಳ್ಳುವುದೇ ಉಷ್ಣರಕ್ಷಣೆ.

ಗೋಡೆಗಿಂತ ಮೊದಲು ಚಾವಣಿಯನ್ನು ನೋಡಬೇಕು. ಹುಬ್ಬಳ್ಳಿ ಸುಮಾರು 15 ಡಿಗ್ರಿ ಉತ್ತರ ಅಕ್ಷಾಂಶದಲ್ಲಿದೆ. ಏಪ್ರಿಲ್ ಕೊನೆ, ಮೇ ಮೊದಲಿಗೆ ನಡುಹಗಲಿನ ಸೂರ್ಯ ನೆತ್ತಿಯ ಮೇಲೆಯೇ ಇರುತ್ತಾನೆ. ಆಗ ತೆಂಕಣ ಗೋಡೆಗೆ ನೇರ ಬಿಸಿಲು ಬೀಳುವುದೇ ಇಲ್ಲ ಎನ್ನಬಹುದು. ಕಾಯುವುದು ಚಾವಣಿ, ಆಮೇಲೆ ಮೂಡಣ–ಪಡುವಣ ಗೋಡೆಗಳು. ಸ್ಲ್ಯಾಬಿಗೆ ಬಿಳಿ ಬಳಿದು, ಪಡುವಣಕ್ಕೆ ಒಂದು ಮರದ ನೆರಳು ಸಿಕ್ಕರೆ ಹಲಗೆಯ ಅಗತ್ಯವೇ ಅರ್ಧಕ್ಕೆ ಇಳಿದೀತು.

2018ರಲ್ಲಿ ಕೇಂದ್ರದ ಇಂಧನ ದಕ್ಷತೆ ಸಂಸ್ಥೆ ಹೊರತಂದ 'ಇಕೋ ನಿವಾಸ್ ಸಂಹಿತಾ' ಮನೆಗಳ ಚಾವಣಿ ಬಿಟ್ಟು ಉಳಿದ ಹೊರಮೈಯಿಂದ ಒಳಬರುವ ಶಾಖಕ್ಕೆ ಚದರ ಮೀಟರಿಗೆ 15 ವ್ಯಾಟ್ ಮಿತಿ ಹಾಕಿತು. ಅದು 500 ಚದರ ಮೀಟರು ಮತ್ತು ಅದಕ್ಕೆ ಮೇಲ್ಪಟ್ಟ ನಿವೇಶನಗಳಿಗೆ ಅನ್ವಯವಾಗಿತ್ತು. ಹಳೇಹುಬ್ಬಳ್ಳಿಯ ಓಣಿಗಳ ಇಕ್ಕಟ್ಟಾದ ಮನೆಗಳಿಗೂ ಅದಕ್ಕೂ ಸಂಬಂಧವಿಲ್ಲ. ಅಲ್ಲಿ ಗೋಡೆಯ ಹಣೆಬರಹ ಬರೆಯುವವರು ಮನೆಯವರು ಮತ್ತು ಗೌಂಡಿ. ಹಳೆಯ ಗೋಡೆ ಇಳಿಸಲೇಬೇಕಾಗಿ ಬಂದವರು, ಇಳಿಸುವ ದಿನ ಅದರ ಅಡ್ಡಸೀಳಿನ ಫೋಟೊ ತೆಗೆದು, ದಪ್ಪ ಮತ್ತು ಪದರಗಳನ್ನು ಅಳೆದು ಬರೆದು, ಊರಿನ ಯಾವುದಾದರೂ ಎಂಜಿನಿಯರಿಂಗ್ ಕಾಲೇಜಿಗೆ ತಲುಪಿಸಬೇಕು.